ಫೋನು ಕದ್ದು ಕೇಳುತ್ತಿಲ್ಲ, ಅಂಗಡಿ ದಿನ ಎಣಿಸುತ್ತಿದೆ

‘ತುಂಬಾ ದಿನ ಆಯ್ತು ನಿಮ್ಮನ್ನು ನೋಡಿ, ಈ ವಾರ ಬಂದರೆ ರಿಯಾಯಿತಿ ಇದೆ’ ಅಂತ ಬಟ್ಟೆ ಅಂಗಡಿಯಿಂದ ಮೆಸೇಜ್ ಬರುತ್ತದೆ. ಹಿಂದಿನ ದಿನವಷ್ಟೇ ಮನೆಯಲ್ಲಿ ಸೀರೆ ತರುವ ಮಾತಾಗಿರುತ್ತದೆ. ಶಿರಸಿಯಿಂದ ಕಾರವಾರದವರೆಗೆ ಯಾರನ್ನು ಕೇಳಿದರೂ ಇದಕ್ಕೆ ಒಂದೇ ಕಾರಣ ಹೇಳುತ್ತಾರೆ: ಫೋನು ನಮ್ಮ ಮಾತು ಕದ್ದು ಕೇಳುತ್ತಿದೆ. ಓದಿದವರೂ ಹೀಗೆ ನಂಬಿರುವುದು ನೋಡಿದರೆ ನನಗೆ ಬೇಸರವಾಗುತ್ತದೆ. ಕಳೆದುಹೋದ ಬಳೆ ಎಲ್ಲಿದೆ ಅಂತ ಅಂಜನ ಹಾಕಿ ನೋಡುವುದಕ್ಕೂ ಈ ನಂಬಿಕೆಗೂ ಏನು ವ್ಯತ್ಯಾಸ?

2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷೆ ಮಾಡಿದರು. ಕೆಲವು ಆ್ಯಪ್‌ಗಳು ಪರದೆಯ ಚಿತ್ರ ತೆಗೆದು ಬೇರೆಯವರಿಗೆ ಕಳಿಸುವುದು ಸಿಕ್ಕಿಬಿತ್ತು. ಅದೇನೂ ಸಣ್ಣ ವಿಷಯವಲ್ಲ. ಆದರೆ ಗುಟ್ಟಾಗಿ ಮೈಕ್ ಆನ್ ಮಾಡಿ ಮಾತು ಕದ್ದ ಪುರಾವೆ ಸಿಗಲಿಲ್ಲ. ಅಂಗಡಿಗೆ ನಿಮ್ಮ ಮಾತು ಬೇಕಾಗಿಯೂ ಇಲ್ಲ. ನೀವು ಬಾರದೆ ಎಷ್ಟು ದಿನವಾಯಿತು ಅನ್ನುವ ಲೆಕ್ಕ ಸಾಕು. ಆ ಲೆಕ್ಕ ಎಷ್ಟು ಚೆಂದ ಇದೆ ಗೊತ್ತಾ!

ಕಾರವಾರದ ಗ್ರೀನ್ ಸ್ಟ್ರೀಟಿನಲ್ಲಿ ಚಪ್ಪಲಿ ತಗೊಂಡು ಬಿಲ್ ಕೌಂಟರಿಗೆ ಹೋಗಿ. ‘ನಂಬರ್ ಹೇಳಿ’ ಅನ್ನುತ್ತಾರೆ. ನೀವು ಹತ್ತು ಅಂಕಿ ಹೇಳುತ್ತೀರಿ. ಪರದೆಯ ಮೇಲೆ ನಿಮ್ಮ ಹೆಸರು, ಪಾಯಿಂಟು, ಹೋದ ಸಲ ಬಂದ ತಾರೀಖು ಮೂಡುತ್ತದೆ. ಹೊಸ ಬಿಲ್ಲು ಹಳೆಯದರ ಜೊತೆ ಸೇರಿಕೊಳ್ಳುತ್ತದೆ. ಮುಗೀತು. ತಾರೀಖುಗಳ ಒಂದು ಸಾಲು, ಪಕ್ಕದಲ್ಲಿ ಮೊತ್ತ. (ನಂಬರ್ ಕೊಡಲೇಬೇಕು ಅಂತೇನಿಲ್ಲ. ಅಂಗಡಿಯವರು ಒತ್ತಾಯ ಮಾಡಬಾರದು ಅಂತ 2023ರ ಮೇ ತಿಂಗಳಲ್ಲೇ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಹೇಳಿದೆ. ‘ಬೇಡ’ ಅಂದು ಬಿಲ್ ತಗೊಂಡು ಬನ್ನಿ.)

ಹೀಗೆ ನಂಬರಿನ ಮೇಲೆ ಗಿರಾಕಿಯನ್ನು ಗುರುತು ಹಿಡಿಯುವ ಕೆಲಸದಲ್ಲೇ ಬೆಳೆದ ಕಂಪನಿಗಳಲ್ಲಿ ಬೆಂಗಳೂರಿನ ಕ್ಯಾಪಿಲರಿ ಟೆಕ್ನಾಲಜೀಸ್ ಒಂದು. ಐಐಟಿ ಖರಗ್‌ಪುರದಲ್ಲಿ ಓದಿದ ಅನೀಶ್ ರೆಡ್ಡಿ ಮತ್ತು ಗೆಳೆಯರು 2008ರಲ್ಲಿ ಶುರು ಮಾಡಿದ್ದು. ಆಗ ದೊಡ್ಡ ಅಂಗಡಿಗಳು ಪ್ಲಾಸ್ಟಿಕ್ ಕಾರ್ಡ್ ಕೊಡುತ್ತಿದ್ದವು. ಕಾರ್ಡಿಗೆ ಖರ್ಚು, ಅರ್ಜಿ ತುಂಬುವ ರಗಳೆ, ಕೊನೆಗೆ ಗಿರಾಕಿ ಅದನ್ನು ಮನೆಯಲ್ಲೇ ಬಿಟ್ಟು ಬರುವುದು. ಆ ವರ್ಷದ ಕೊನೆಗೆ ದೇಶದಲ್ಲಿ ಮೊಬೈಲ್ ಸಂಪರ್ಕ 30 ಕೋಟಿ ದಾಟಿತ್ತು. ನಂಬರು ಎಲ್ಲರ ಬಾಯಲ್ಲೂ ಇತ್ತು. ಕಾರ್ಡಿನ ಜಾಗಕ್ಕೆ ಅದೇ ಬಂದರೆ ಸಾಕಿತ್ತು.

ಗಿರಾಕಿಯನ್ನು ಕಟ್ಟಿಹಾಕುವ ಉಪಾಯ ಮಾತ್ರ ಬಹಳ ಹಳೆಯದು. ಅಮೆರಿಕದಲ್ಲಿ ಸ್ಪೆರಿ ಆ್ಯಂಡ್ ಹಚಿನ್‌ಸನ್ ಕಂಪನಿ 1896ರಲ್ಲೇ ಹಸಿರು ಸ್ಟಾಂಪು ಶುರು ಮಾಡಿತ್ತು. ಸಾಮಾನು ಕೊಂಡಷ್ಟೂ ಸ್ಟಾಂಪು, ಪುಸ್ತಕ ತುಂಬಿದರೆ ಬಹುಮಾನ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಪ್ರಯಾಣಿಕರಿಗೆ ಮೈಲಿ ಲೆಕ್ಕ ಕೊಟ್ಟಿತು. 1995ರಲ್ಲಿ ಬ್ರಿಟನ್ನಿನ ಟೆಸ್ಕೊ ತನ್ನ ಕ್ಲಬ್‌ಕಾರ್ಡ್ ತಂದಿತು. ಸ್ಟಾಂಪಿಗೆ ಯಾರು ಕೊಂಡರು ಅನ್ನುವುದು ನೆನಪಿರುತ್ತಿರಲಿಲ್ಲ, ಕಾರ್ಡಿಗೆ ನೆನಪಿರುತ್ತಿತ್ತು. ಕ್ಯಾಪಿಲರಿ 2015ರಲ್ಲಿ ಮಾರ್ಟ್‌ಜ್ಯಾಕ್, 2021ರಲ್ಲಿ ಪರ್ಸ್ಯುಯೇಡ್, 2023ರಲ್ಲಿ ಬ್ರಿಯರ್ಲಿ ಕಂಪನಿಗಳನ್ನು ಕೊಂಡುಕೊಂಡಿತು. ಕೊನೆಯ ಎರಡೂ ಅಮೆರಿಕದವು. 2025ರ ನವೆಂಬರಿನಲ್ಲಿ ಅದರ ಷೇರು ಪೇಟೆಗೆ ಬಂತು. ನನ್ನ ಪ್ರಕಾರ ಇಂಥ ಕಂಪನಿಗಳ ಬಂಡವಾಳ ಗುಟ್ಟಿನ ಸೂತ್ರವಲ್ಲ. ಹತ್ತು ಊರಿನ ಹತ್ತು ಶಾಖೆಗಳ ಬಿಲ್ಲನ್ನು ಒಬ್ಬ ಮನುಷ್ಯನ ಹೆಸರಿಗೆ, ಅವನು ಕೌಂಟರಿನಲ್ಲಿ ನಿಂತಿರುವಷ್ಟರಲ್ಲೇ, ತಪ್ಪಿಲ್ಲದೆ ಸೇರಿಸುವುದು ಕಷ್ಟದ ಕೆಲಸ. ಸೂತ್ರ ಯಾರು ಬೇಕಾದರೂ ಓದಬಹುದು.

ಆ ಸೂತ್ರಕ್ಕೇ ಬರೋಣ. ಇಬ್ಬರು ಗಿರಾಕಿಗಳಿದ್ದಾರೆ ಅನ್ನಿ. ಒಬ್ಬರು ಶಿರಸಿ ಪೇಟೆಯವರು, ಸರಾಸರಿ 7 ದಿನಕ್ಕೊಮ್ಮೆ ಬರುತ್ತಾರೆ. ಇನ್ನೊಬ್ಬರು ಹುಲೇಕಲ್ ಕಡೆಯವರು, ಸರಾಸರಿ 60 ದಿನಕ್ಕೊಮ್ಮೆ. ಇಬ್ಬರೂ 42 ದಿನದಿಂದ ಬಂದಿಲ್ಲ. ಯಾರು ಕೈತಪ್ಪಿರಬಹುದು? ಪದೇಪದೇ ಬರುವವರು ಬಂದೇ ಬರುತ್ತಾರೆ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಉಲ್ಟಾ ಹೇಳುತ್ತದೆ.

42ನ್ನು 7ರಿಂದ ಭಾಗಿಸಿದರೆ 6. ಇಂಥ ಲೆಕ್ಕಗಳಲ್ಲಿ ಬರುವ 2.718 ಅನ್ನುವ ಸಂಖ್ಯೆಯನ್ನು (ಗಣಿತದಲ್ಲಿ ಇದಕ್ಕೆ e ಅಂತಾರೆ) ಆರು ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಸುಮಾರು 400. ಅಂದರೆ ಪೇಟೆಯವರ ಅಭ್ಯಾಸ ಬದಲಾಗದೇ ಇದ್ದಿದ್ದರೆ, ಇಷ್ಟು ಉದ್ದದ ಗೈರುಹಾಜರಿ 400ರಲ್ಲಿ ಒಂದು ಸಲ ಆಗುವಂಥದ್ದು. ಏನೋ ಆಗಿದೆ. ಹುಲೇಕಲ್ಲಿನವರ ಲೆಕ್ಕದಲ್ಲಿ 42ನ್ನು 60ರಿಂದ ಭಾಗಿಸಿದರೆ 0.7. ಅಷ್ಟು ದಿನ ಬಾರದಿರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಏನೂ ಆಗಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಾವೂ ಹೀಗೇ ಮಾಡುತ್ತೇವೆ. ಕಾಲು ಗಂಟೆಗೊಂದು ಬರುವ ಬಸ್ಸು ಒಂದೂವರೆ ಗಂಟೆ ಬಾರದಿದ್ದರೆ ರಿಕ್ಷಾ ಹುಡುಕುತ್ತೇವೆ. ದಿನಕ್ಕೊಂದೇ ಬರುವ ಹಳ್ಳಿ ಬಸ್ಸಿಗಾದರೆ ಒಂದೂವರೆ ಗಂಟೆ ಆದಮೇಲೂ ಸುಮ್ನೆ ಕೂತಿರುತ್ತೇವೆ.

ಇದರ ಬೇರು ಇರುವುದು ಫ್ರಾನ್ಸಿನ ಗಣಿತಜ್ಞ ಪಾಯ್ಸನ್ ಹೆಸರಿನ ನಿಯಮದಲ್ಲಿ. 1898ರಲ್ಲಿ ಬೋರ್ಟ್‌ಕೀವಿಚ್ ಅನ್ನುವವರು ಪ್ರಶ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ತೆಗೆದು, ಅಂಥ ಆಕಸ್ಮಿಕವೂ ಈ ನಿಯಮಕ್ಕೆ ಸರಿಯಾಗಿ ಹೊಂದುತ್ತದೆ ಅಂತ ತೋರಿಸಿದರು. ಒಬ್ಬ ಸೈನಿಕ ಯಾವಾಗ ಸಾಯುತ್ತಾನೆ ಅಂತ ಹೇಳಲು ಯಾರಿಂದಲೂ ಆಗದು. ಆದರೆ ಎಷ್ಟು ವರ್ಷಗಳಲ್ಲಿ ಒಂದೂ ಸಾವಿರುವುದಿಲ್ಲ, ಎಷ್ಟರಲ್ಲಿ ಒಂದು, ಎಷ್ಟರಲ್ಲಿ ಎರಡು ಅಂತ ಹೇಳಬಹುದು. 1959ರಲ್ಲಿ ಆ್ಯಂಡ್ರ್ಯೂ ಎಹ್ರೆನ್‌ಬರ್ಗ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದೇ ದಾರಿಯಲ್ಲಿ ಜನರ ಖರೀದಿಯನ್ನು ಅಳೆದರು. 1987ರಲ್ಲಿ ಶ್ಮಿಟ್ಲೈನ್, ಮಾರಿಸನ್, ಕೊಲಂಬೊ ಎಂಬ ಮೂವರು ಅದಕ್ಕೆ ‘ಗಿರಾಕಿ ಹೇಳದೆ ಬಿಟ್ಟುಹೋಗುವ ಸಾಧ್ಯತೆ’ಯನ್ನೂ ಸೇರಿಸಿದರು. 2005ರಲ್ಲಿ ಫೇಡರ್, ಹಾರ್ಡಿ, ಲೀ ಇದನ್ನು ಎಕ್ಸೆಲ್ ಹಾಳೆಯಲ್ಲಿ ಮಾಡುವಷ್ಟು ಸುಲಭ ಮಾಡಿಕೊಟ್ಟರು. ಇವರ್ಯಾರೂ ಯಾರ ಮಾತನ್ನೂ ಕದ್ದು ಕೇಳಿದವರಲ್ಲ.

ಮಂತ್ರವಲ್ಲ ಅಂದಮೇಲೆ ತಪ್ಪುವುದೂ ಉಂಟು. ಎಲ್ಲಿ ತಪ್ಪುತ್ತದೆ ಅಂತ ನೋಡಲು ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತ ಒಳ್ಳೆ ಜಾಗ ಬೇಡ. ಮೇಲಿನ ಲೆಕ್ಕ ನಿಲ್ಲುವುದು ಒಂದೇ ನಂಬಿಕೆಯ ಮೇಲೆ: ಒಬ್ಬರು ಬರುವ ವೇಗ ವರ್ಷವಿಡೀ ಒಂದೇ. ತಿಂಗಳ ಸಂಬಳದವರಿಗೆ ಇದು ಸುಮಾರಾಗಿ ಸರಿ. ಮೀನುಗಾರರಿಗೆ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಲ್ಲಿ ಬೋಟುಗಳು ದಡದಲ್ಲಿರುವಾಗ ಆ ಮನೆಗಳವರು ಬಟ್ಟೆ ಅಂಗಡಿಗೆ ಯಾಕೆ ಹೋಗುತ್ತಾರೆ? ಯಂತ್ರಕ್ಕೆ ಮಾತ್ರ ಅವರೆಲ್ಲ ಬಿಟ್ಟುಹೋದ ಗಿರಾಕಿಗಳು. ಕೈಯಲ್ಲಿ ಕಾಸಿಲ್ಲದ ಹೊತ್ತಿಗೆ ಸರಿಯಾಗಿ ರಿಯಾಯಿತಿ ಮೆಸೇಜು ಹೋಗುತ್ತದೆ. ಅಡಿಕೆಯವರದ್ದೂ ಇದೇ ಕತೆ. ಕೊಯ್ಲು ಮುಗಿದು, ಚಾಲಿ (ಬಿಸಿಲಿನಲ್ಲಿ ಒಣಗಿಸುವ ಅಡಿಕೆ) ಒಣಗಿ, ಮಾರಿದ ಮೇಲೆ ಖರೀದಿ.

ಇದಕ್ಕೆ ಪರಿಹಾರ ಇದೆ. ಒಬ್ಬರ ಗೈರನ್ನು ಅವರ ಹಳೆಯ ವೇಗದ ಜೊತೆ ಮಾತ್ರ ಹೋಲಿಸದೆ, ಅದೇ ತಿಂಗಳು ಅದೇ ಊರಿನ ಉಳಿದವರ ಜೊತೆಗೂ ಹೋಲಿಸಬೇಕು. ಬೈತಖೋಲದವರೆಲ್ಲ ಒಟ್ಟಿಗೆ ನಿಂತಿದ್ದರೆ ಯಾರೂ ಬಿಟ್ಟುಹೋಗಿಲ್ಲ. ಎರಡು ಮೂರು ಮಳೆಗಾಲದ ಬಿಲ್ಲು ಇದ್ದರೆ ಯಂತ್ರ ಇದನ್ನು ತಾನೇ ಕಲಿಯುತ್ತದೆ.

ಶಿರಸಿಯ ಮಾರಿಕಾಂಬೆ ಜಾತ್ರೆ ಮಾತ್ರ ಇದಕ್ಕೂ ಸುಲಭಕ್ಕೆ ಸಿಗುವುದಿಲ್ಲ. ಅದು ಎರಡು ವರ್ಷಕ್ಕೊಮ್ಮೆ. ಜಾತ್ರೆಗೆ ಮಾತ್ರ ಜವಳಿ ತಗೊಳ್ಳುವ ಮನೆಯವರು ಒಂದು ವರ್ಷದ ದಾಖಲೆಯಲ್ಲಿ ಒಮ್ಮೆ ಬಂದು ಮಾಯವಾದವರ ಹಾಗೆ ಕಾಣುತ್ತಾರೆ. ಮೂರು ಜಾತ್ರೆ ನೋಡಬೇಕಾದರೆ ನಾಲ್ಕು ವರ್ಷದ ಬಿಲ್ಲಾದರೂ ಬೇಕು. ಹೋದ ವರ್ಷ ಸಾಫ್ಟ್‌ವೇರ್ ಹಾಕಿಸಿದ ಅಂಗಡಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಅಲ್ಲಿಯವರೆಗೆ ಜಾತ್ರೆಯ ತಾರೀಖನ್ನು ಅಂಗಡಿಯ ಯಜಮಾನರೇ ಕೂತು ಅದರಲ್ಲಿ ತುಂಬಬೇಕು.