ಮಂಚ ಬಿಡಿ, ಮ್ಯಾಟ್ ಎತ್ತಿ ನೋಡಿ

ಕಳೆದ ಬಾರಿ ಮಳೆ ಬಿಟ್ಟ ಹೊಸತರಲ್ಲಿ ಗಂಡ, ಹೆಂಡತಿ ಹಾಸನದ ನಮ್ಮ ಗ್ಯಾರೇಜಿಗೆ ಒಂದು ಓಮ್ನಿ ತಂದರು. ಇಬ್ಬರಿಗೂ ಬ್ಯಾಂಕಿನಲ್ಲಿ ಕೆಲಸ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ತಿಂಗಳಿಗೆ ಎರಡು ಸಲ, ಎಲ್ಲಿಗೆ ಎಂದು ಮೊದಲೇ ನಿಶ್ಚಯಿಸದೆ ಹೊರಟುಬಿಡಬೇಕು ಎಂಬುದು ಅವರ ಆಸೆ. ರಾತ್ರಿ ಒಳಗೇ ಮಲಗಲು ಸಜ್ಜುಮಾಡಿದ ಈ ಹಳೆಯ ವ್ಯಾನನ್ನು ಇನ್ನೂ ಕೊಂಡಿರಲಿಲ್ಲ, ಕೊಳ್ಳುವ ಮೊದಲು ನನಗೆ ತೋರಿಸಲು ತಂದಿದ್ದರು. ಹಿಂದಿನ ಬಾಗಿಲು ಎತ್ತಿದರೆ ಪ್ಲೈವುಡ್ ಮಂಚ, ಹೂವಿನ ಹೊದಿಕೆ, ಕಿಟಕಿಗೆ ಪರದೆ, ಚಾವಣಿಗೆ ಸಣ್ಣ ದೀಪಗಳ ಸರ.

"ಅಣ್ಣಾ, ಎಲ್ಲ ಸಿದ್ಧವಾಗಿದೆ. ದಿಂಬು ಇಟ್ಟುಕೊಂಡು ಹೊರಡುವುದೊಂದೇ ಬಾಕಿ" ಎಂದರು ಆಕೆ.

ಮಾರುವವನಿಗೆ ಫೋನು ಮಾಡಿಸಿ, ಒಪ್ಪಿಗೆ ಪಡೆದು, ಮಂಚದ ಸ್ಕ್ರೂ ಬಿಚ್ಚಿದೆ. ಕೆಳಗೆ ಅಂಟಿಸಿದ್ದ ಮ್ಯಾಟಿನ ಮೂಲೆ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ತಗಡಿಗೆ ತಟ್ಟಿದೆ. ಟಣ್ ಎನ್ನಬೇಕಾದದ್ದು ಡಬ್ ಎಂದಿತು. ತುದಿಯಿಂದ ಮೆಲ್ಲಗೆ ಒತ್ತಿದ್ದಷ್ಟೇ, ಸ್ಕ್ರೂಡ್ರೈವರ್ ಇಳಿದುಹೋಯಿತು. ಗಂಡ ಬಗ್ಗಿ ಗಾಡಿಯ ಅಡಿಯಿಂದ ನೋಡಿದರು. ಅದರ ಮೂತಿ ಅವರಿಗೆ ಕಾಣುತ್ತಿತ್ತು.

ಮಲಗುವ ವ್ಯಾನು ಹುಡುಕುವವರು ಮಂಚ, ಒಲೆ, ಪರದೆಗಳಿಗೆ ಬೆಲೆ ಕಟ್ಟುತ್ತಾರೆ. ಬಡಗಿಯೊಬ್ಬ ಎರಡು ದಿನದಲ್ಲಿ ಮಾಡಿಕೊಡುವ ಕೆಲಸ ಅದು. ತಿಂದುಹೋದ ನೆಲವನ್ನು ಕಟ್ಟುವುದು ಹಾಗಲ್ಲ. ಟಿಂಕರಿಂಗ್‌ನವರು ತಗಡು ಕತ್ತರಿಸಿ ವೆಲ್ಡ್ ಮಾಡುತ್ತಾರೆ, ಎರಡು ಮಳೆಗಾಲ ಕಳೆಯುವುದರೊಳಗೆ ಪಕ್ಕದಲ್ಲಿ ಮತ್ತೆ ತೂತು ಬೀಳುತ್ತದೆ. ಹಾಗಾಗಿ ಮಂಚವಿಲ್ಲದ, ಸಪ್ಪೆ ಮುಖದ ವ್ಯಾನನ್ನೇ ಕೊಳ್ಳಿ ಎನ್ನುತ್ತೇನೆ. ಒಳಗಿನ ಅಲಂಕಾರ ಹೆಚ್ಚಾದಷ್ಟೂ ನನ್ನ ಅನುಮಾನವೂ ಹೆಚ್ಚುತ್ತದೆ. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ನಮ್ಮ ಕಸುಬಿಗಾಗಿಯೇ ಹುಟ್ಟಿದ್ದಿರಬೇಕು.

ತುಕ್ಕು ಹಿಡಿಯುವ ಜಾಗಗಳು ಹೆಚ್ಚುಕಡಿಮೆ ಎಲ್ಲ ವ್ಯಾನಿನಲ್ಲೂ ಒಂದೇ. ಕಾಲಿಡುವ ಮೆಟ್ಟಿಲು, ಜಾರುವ ಬಾಗಿಲಿನ ಕೆಳಗಿನ ಹಳಿ, ಹಿಂದಿನ ಚಕ್ರದ ಕಮಾನು, ಚಾವಣಿಯಂಚಿನ ನೀರು ಹರಿಯುವ ಕಾಲುವೆ, ಬ್ಯಾಟರಿಯ ತಟ್ಟೆಯ ಕೆಳಭಾಗ. ಬಣ್ಣ ಹೊಸದಾಗಿದ್ದರೆ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕೆಳಗಂಚಿನ ಉದ್ದಕ್ಕೂ ಹಿಡಿಯಿರಿ. ಎಲ್ಲಿ ಅದು ಕಚ್ಚುವುದಿಲ್ಲವೋ ಅಲ್ಲಿ ತಗಡಿನ ಮೇಲೆ ಪುಟ್ಟಿ ಮೆತ್ತಿದ್ದಾರೆ. ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಗಾಳಿ ಕುಡಿದ ಗಾಡಿಯನ್ನು ಇನ್ನೂ ಎರಡರಷ್ಟು ಹೊತ್ತು ನೋಡಬೇಕು. ಕರಾವಳಿಯವರು ಬೇಸರಿಸಬಾರದು, ತಪ್ಪು ಉಪ್ಪಿನದು.

ನಮ್ಮಲ್ಲಿ ಚಿಕ್ಕ ವ್ಯಾನು ಎಂದರೆ ಕೊನೆಗೆ ಎರಡೇ ಹೆಸರು. ಓಮ್ನಿ 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು 2019ರಲ್ಲಿ ನಿಂತಿತು. 796 ಸಿಸಿ, ಮೂರು ಸಿಲಿಂಡರ್. ಈಕೋ 2010ರಲ್ಲಿ ಬಂತು. 1.2 ಲೀಟರ್, ನಾಲ್ಕು ಸಿಲಿಂಡರ್. ಬಿಡಿಭಾಗ ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಸಿಗುತ್ತದೆ, ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ. ಭಾನುವಾರ ಮಧ್ಯಾಹ್ನ ಕೊಟ್ಟಿಗೆಹಾರದಲ್ಲಿ ಗಾಡಿ ಕೈಕೊಟ್ಟಾಗ ಈ ಮಾತಿನ ಬೆಲೆ ತಿಳಿಯುತ್ತದೆ. ಟೆಂಪೊ ಟ್ರಾವೆಲರಿನಲ್ಲಿ ನಿಂತು ಅಡುಗೆ ಮಾಡಬಹುದು, ನಿಜ. ಆದರೆ ಅದನ್ನು ಮನೆಯ ಗೇಟಿನೊಳಗೆ ನಿಲ್ಲಿಸಲಾಗದೆ ಎಲ್ಲೋ ಬಾಡಿಗೆ ಜಾಗದಲ್ಲಿಟ್ಟವರು ಶುಕ್ರವಾರ ಸಂಜೆ ಅಲ್ಲಿಗೆ ಹೋಗಿ ಗಾಡಿ ತರುವಷ್ಟರಲ್ಲಿ ಅರ್ಧ ಉತ್ಸಾಹ ಇಳಿದಿರುತ್ತದೆ. ಈಕೋ ಮೂರು ಮುಕ್ಕಾಲು ಮೀಟರಿಗಿಂತ ಚಿಕ್ಕದು. ವಾರದ ದಿನಗಳಲ್ಲಿ ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಶನಿವಾರ ಮಲಗುವ ಮನೆಯಾಗುತ್ತದೆ.

ಓಮ್ನಿಯೋ ಈಕೋವೋ ಎಂದು ಕೇಳಿದರೆ ಈಕೋ ಎನ್ನುತ್ತೇನೆ. ಓಮ್ನಿಯಲ್ಲಿ ಮುಂದೆ ಕುಳಿತವರ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಒಂದು ತಗಡಷ್ಟೇ ಇರುತ್ತದೆ. ಈಕೋ ಏನು ಕೋಟೆಯಲ್ಲ. ಏರ್‌ಬ್ಯಾಗ್ ಇಲ್ಲದ ಈಕೋ 2016ರ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ಸುರಕ್ಷತೆಗೆ ಒಂದು ನಕ್ಷತ್ರವನ್ನೂ ಪಡೆಯಲಿಲ್ಲ. ಆದ್ದರಿಂದ ಏರ್‌ಬ್ಯಾಗ್ ಮತ್ತು ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಏರ್ಪಾಡು) ಇರುವ, ಈಚಿನ ವರ್ಷಗಳ ಗಾಡಿಗೆ ನಾಲ್ಕು ಕಾಸು ಹೆಚ್ಚು ಕೊಡಿ. ಯಾವುದನ್ನೇ ಕೊಂಡರೂ ರಾತ್ರಿ ಹೆದ್ದಾರಿಯಲ್ಲಿ ಓಡಿಸುವ ಗೋಜಿಗೆ ಹೋಗಬೇಡಿ. ಮಲಗುವ ಗಾಡಿ ಕೊಂಡದ್ದೇ ಕತ್ತಲಾದಾಗ ನಿಲ್ಲಿಸುವುದಕ್ಕಲ್ಲವೇ?

ಗಾಡಿ ಹಿಂದೆ ಏನು ಕೆಲಸ ಮಾಡಿದೆ ಎಂಬುದು ಮೀಟರಿನಲ್ಲಿ ಕಾಣುವುದಿಲ್ಲ. ಶಾಲಾ ವ್ಯಾನು ಕಡಿಮೆ ಕಿಲೋಮೀಟರ್ ಓಡಿರುತ್ತದೆ, ಆದರೆ ಪ್ರತಿ ಮನೆಯ ಮುಂದೆ ನಿಂತು ಹೊರಟು ಕ್ಲಚ್ ಸವೆದಿರುತ್ತದೆ, ಬಾಗಿಲಿನ ರೋಲರುಗಳು ಕುಂಟುತ್ತಿರುತ್ತವೆ. ಬಾಗಿಲನ್ನು ಹತ್ತು ಸಲ ಎಳೆದು ಮುಚ್ಚಿ ನೋಡಿ. ಕೊರಿಯರ್ ವ್ಯಾನಾದರೆ ಹಿಂದುಗಡೆ ಕುಸಿದು ಕುಳಿತಿರುತ್ತದೆ. ಹಳೆಯ ಗ್ಯಾಸ್ ಓಮ್ನಿಗಳದು ಬೇರೆಯೇ ಕಥೆ. ಮನೆಯ ಸಿಲಿಂಡರಿನಿಂದ ಕದ್ದುಮುಚ್ಚಿ ತುಂಬಿಸಿಕೊಂಡು ಓಡಿಸಿದವರು ಕಡಿಮೆಯೇನಿಲ್ಲ. ಟ್ಯಾಂಕಿನ ಕೊಳವೆಯನ್ನು ಯಾರೋ ಹೇಗೋ ಜೋಡಿಸಿದ ಗುರುತು ಕಂಡರೆ ಆ ಗಾಡಿಯೊಳಗೆ ರಾತ್ರಿ ಮಲಗುವ ಯೋಚನೆಯನ್ನೇ ಬಿಟ್ಟುಬಿಡಿ. ಆರ್‌ಸಿಯಲ್ಲಿ ಇಂಧನ ಯಾವುದೆಂದು ಬರೆದಿದೆ ಎಂಬುದನ್ನೂ ತಾಳೆ ನೋಡಿ.

ಎಂಜಿನ್ ನೋಡಲು ಬೆಳಗ್ಗೆಯೇ ಹೋಗಿ. ನಾವು ಬರುವ ಮೊದಲು ಸ್ಟಾರ್ಟ್ ಮಾಡಿಡಬೇಡಿ ಎಂದು ಮಾರುವವನಿಗೆ ಮೊದಲೇ ಹೇಳಿ. ಎರಡು ಗಾಡಿಗಳಲ್ಲೂ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿ, ಕೈಯಿಟ್ಟು ತಣ್ಣಗಿದೆ ಎಂದು ಖಚಿತಪಡಿಸಿಕೊಂಡು, ಆಮೇಲೆ ಕೀಲಿ ತಿರುಗಿಸಿ. ಮೊದಲ ಉಸಿರಿಗೆ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಎಣ್ಣೆ ಹಾಕುವ ಮುಚ್ಚಳದೊಳಗೆ ಮಜ್ಜಿಗೆಯಂಥ ನೊರೆ ಇದ್ದರೆ ಎಣ್ಣೆಗೆ ನೀರು ಸೇರುತ್ತಿರಬಹುದು. ನನ್ನ ಅಸಲಿ ಪರೀಕ್ಷೆ ಶಿರಾಡಿ ಘಾಟಿ. ಗುಂಡ್ಯದವರೆಗೆ ಇಳಿದು, ನಾಲ್ಕು ಜನ ಕುಳಿತು, ಎಸಿ ಹಾಕಿಕೊಂಡು ದೋಣಿಗಾಲ್‌ವರೆಗೆ ಏರಿದರೆ ಬಿಸಿಯಾಗುವ ಎಂಜಿನ್ ತಾನೇ ಬಾಯಿ ಬಿಡುತ್ತದೆ. ನಿಮಗೆ ಹತ್ತಿರವಿರುವ ಯಾವ ಘಾಟಿಯಾದರೂ ಆದೀತು. ಸಮತಟ್ಟು ರಸ್ತೆಯ ಎರಡು ಕಿಲೋಮೀಟರ್ ಓಟವನ್ನು ಮಾತ್ರ ಪರೀಕ್ಷೆ ಎನ್ನಬೇಡಿ.

ಟೈರಿನ ಹಲ್ಲು ಚೆನ್ನಾಗಿದೆ ಎಂದು ಸಮಾಧಾನಪಡುವ ಹಾಗಿಲ್ಲ. ಪಕ್ಕದಲ್ಲಿ ನಾಲ್ಕಂಕಿಯ ಒಂದು ಸಂಖ್ಯೆ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹೆಚ್ಚು ಓಡದ ಗಾಡಿಯ ಟೈರು ಸವೆಯದೆಯೇ ಮುದಿಯಾಗುತ್ತದೆ.

ಇನ್ನು ಕಾಗದ. ವೆಚ್ಚದಲ್ಲಿ ಮೋಸಹೋಗುವವರು ಹೆಚ್ಚಾಗಿ ಇಲ್ಲೇ. ಸರಕು ಸಾಗಿಸುವ ವ್ಯಾನಿಗೆ ಸೀಟು ಕೂರಿಸಿ, ಕಿಟಕಿ ಕೊರೆದು ಮಾರುವವರಿದ್ದಾರೆ. ಹಳದಿ ಬೋರ್ಡನ್ನು ಬಿಳಿ ಬೋರ್ಡು ಮಾಡಿಸುವುದು ಸುಲಭವೆಂದು ಬಾಯಿಮಾತಿನಲ್ಲಿ ಮಾರುವವರಿದ್ದಾರೆ. ಆ ಕೆಲಸವನ್ನು ಅವರೇ ಮುಗಿಸಿಕೊಡಲಿ, ಆಮೇಲೆ ಹಣ ಕೊಡಿ. ಹೊರರಾಜ್ಯದ ಅಗ್ಗದ ಗಾಡಿಗೆ ಎನ್‌ಒಸಿ (ಆ ರಾಜ್ಯದ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ) ಬೇಕು, ಹನ್ನೆರಡು ತಿಂಗಳೊಳಗೆ ಇಲ್ಲಿನ ನಂಬರ್ ಮಾಡಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಅಷ್ಟೆಲ್ಲ ಕೂಡಿಸಿದರೆ ಅಗ್ಗವೆಂಬುದು ಉಳಿಯುವುದಿಲ್ಲ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. ಹಳೆಯ ಓಮ್ನಿಯ ಬೆಲೆ ಮಾತಾಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಾಲೀಕತ್ವ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿಯಾಗದೆ ಮುಂಗಡ ಬಿಟ್ಟು ಬೇರೆ ಒಂದು ರೂಪಾಯಿಯೂ ಕೊಡಬೇಡಿ.

ಮಂಚದ ವಿಷಯಕ್ಕೂ ಕಾನೂನಿದೆ. ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಂಥ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಚಾವಣಿ ಕೊರೆಯುವುದು, ಒಲೆಯನ್ನು ವೆಲ್ಡ್ ಮಾಡಿಸುವುದು, ಸೀಟು ಕಿತ್ತು ಬೇರೆಯದನ್ನು ಕೂರಿಸುವುದು ಬೇಡ. ಸೀಟಿನ ಮೇಲೆ ಬರುವಂತೆ ಮಡಚುವ ಹಲಗೆ, ಕೆಳಗೆ ಎರಡು ಪೆಟ್ಟಿಗೆ, ಸೋಮವಾರ ಬೆಳಗ್ಗೆ ಎತ್ತಿ ಮನೆಯಲ್ಲಿಡುವಂತಿರಲಿ. ಕೊಳ್ಳುವ ಮೊದಲು ಅಳತೆ ಟೇಪು ಒಯ್ಯಿರಿ. ಈಕೋದ ಹೊರಗಿನ ಅಗಲವೇ 1475 ಮಿಲಿಮೀಟರ್, ಅಡ್ಡಡ್ಡ ಮಲಗುವ ಆಸೆಯನ್ನು ಅಲ್ಲಿಯೇ ಕೈಬಿಡಿ.

ಮಲಗುವಾಗ ಎಂಜಿನ್ ಓಡಿಸಿ ಎಸಿ ಹಾಕಿಕೊಳ್ಳಬೇಡಿ, ಬಾಗಿಲು ಮುಚ್ಚಿ ಒಲೆ ಹಚ್ಚಬೇಡಿ. ವಿಷಗಾಳಿಗೆ ವಾಸನೆಯಿಲ್ಲ. ಎರಡು ಕಿಟಕಿಗಳನ್ನು ನಾಲ್ಕು ಬೆರಳು ಇಳಿಸಿ ಸೊಳ್ಳೆ ಪರದೆ ಕಟ್ಟಿ. ಫ್ಯಾನನ್ನು ಗಾಡಿಯ ಬ್ಯಾಟರಿಗೆ ಸಿಕ್ಕಿಸಿದರೆ ಬೆಳಗ್ಗೆ ತಳ್ಳುವವರನ್ನು ಹುಡುಕಬೇಕಾಗುತ್ತದೆ, ಅದಕ್ಕೆ ಬೇರೆ ಬ್ಯಾಟರಿ ಇರಲಿ. ಎಲ್ಲಿ ನಿಲ್ಲಿಸುವುದು ಎಂದು ಎಲ್ಲರೂ ಕೇಳುತ್ತಾರೆ. ಕಾಡಿನಂಚು ಬೇಡ. ದೇವಸ್ಥಾನದ ವಾಹನ ನಿಲ್ದಾಣ, ಕೇಳಿಕೊಂಡರೆ ಪೆಟ್ರೋಲ್ ಬಂಕ್, ಪರಿಚಯದವರ ತೋಟದ ಅಂಗಳ, ಇಷ್ಟೇ. ವಯನಾಡಿನ ಕಡೆ ಮನಸ್ಸು ಹರಿದರೆ ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ ಎಂಬುದು ನೆನಪಿರಲಿ.

ಮನಸ್ಸು ಬಂದಾಗ ಹೊರಡುವ ಗಾಡಿಗೆ ದೊಡ್ಡ ಶತ್ರು ಇಲಿ. ಮೂರು ವಾರ ನಿಂತಲ್ಲೇ ನಿಂತ ವ್ಯಾನಿನಲ್ಲಿ ಬಿಸ್ಕತ್ತಿನ ಪುಡಿ ಇದ್ದರೆ ಸಾಕು, ವೈರಿಂಗ್ ತಿಂದು ಮುಗಿಸಿರುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ.

ಬ್ಯಾಂಕಿನವರು ಆ ಓಮ್ನಿ ಬಿಟ್ಟು ಎರಡು ತಿಂಗಳ ನಂತರ ಒಂದು ಈಕೋ ಕೊಂಡರು. ಮದುವೆ ಮನೆಗಳ ಅಡುಗೆ ಭಟ್ಟರೊಬ್ಬರದು, ಬಣ್ಣ ಮಾಸಿತ್ತು, ನೆಲ ಟಣ್ ಎಂದಿತು. ಹಲಗೆ ಮತ್ತು ಪೆಟ್ಟಿಗೆಗಳನ್ನು ಇಲ್ಲಿಯ ಬಡಗಿಯೇ ಮಾಡಿಕೊಟ್ಟ. ಮೊನ್ನೆ ಎಣ್ಣೆ ಬದಲಿಸಲು ಬಂದಿದ್ದರು. ಒಳಗೆ ಎರಡು ಸಲ ಸೋಪಿನ ನೀರು ಹಾಕಿ ತೊಳೆಸಿದ್ದಾರಂತೆ. ಆದರೂ ಮಳೆ ಹಿಡಿದು ಕಿಟಕಿ ಏರಿಸಿದರೆ ಸಾಂಬಾರಿನ ವಾಸನೆ ಏಳುತ್ತದಂತೆ. "ಮಧ್ಯರಾತ್ರಿ ಹಸಿವಾಗುತ್ತದೆ, ಅಣ್ಣಾ" ಎಂದರು ಆಕೆ.