ಎಂಆರ್‌ಐ ಒಳಗಿನ ಆ ಟಕ ಟಕ ಸದ್ದು

"ಒಳಗೆ ಯಾರಾದ್ರೂ ಸುತ್ತಿಗೆ ಹಿಡ್ಕೊಂಡು ಕೂತಿದ್ದಾರಾ ಮೇಡಂ?" ಎಂಆರ್‌ಐ, ಅಂದರೆ ಆಯಸ್ಕಾಂತದಿಂದ ಮೈಯೊಳಗಿನ ಚಿತ್ರ ತೆಗೆಯುವ ಸ್ಕ್ಯಾನ್, ಮುಗಿಸಿ ಎದ್ದವರು ಕಿವಿಯ ಹತ್ತಿ ತೆಗೆಯುತ್ತಾ ಮೊದಲು ಕೇಳುವುದೇ ಇದನ್ನು. ಯಂತ್ರ ಕೆಟ್ಟಿದೆ ಅಂದುಕೊಂಡವರೂ ಇದ್ದಾರೆ. ಇಲ್ಲ, ಚಿತ್ರ ಬರುವುದೇ ಆ ಸದ್ದಿನ ಜೊತೆ.

ನೀರನ್ನು ಆಯಸ್ಕಾಂತದೊಳಗೆ ಇಟ್ಟು ರೇಡಿಯೋ ಅಲೆ ಹಾಯಿಸಿದರೆ ಅದರ ಹೈಡ್ರೋಜನ್ ಮರುದನಿ ಕೊಡುತ್ತದೆ. ಇದು 1946ರಲ್ಲೇ ಗೊತ್ತಿತ್ತು. 1971ರಲ್ಲಿ ಅಮೆರಿಕದ ವೈದ್ಯ ರೇಮಂಡ್ ಡಮೇಡಿಯನ್ ಇಲಿಯ ಕ್ಯಾನ್ಸರ್ ಗೆಡ್ಡೆಯಲ್ಲಿ ಆ ದನಿ ಜಾಸ್ತಿ ಹೊತ್ತು ಉಳಿಯುತ್ತದೆ ಎಂದು ತೋರಿಸಿದರು. ಆದರೆ ದನಿ ಮೈಯ ಯಾವ ಜಾಗದಿಂದ ಬಂತು?

ಇದಕ್ಕೆ ಅಮೆರಿಕದ ರಸಾಯನ ವಿಜ್ಞಾನಿ ಪಾಲ್ ಲಾಟರ್ಬರ್ ಅವರ ಉಪಾಯ ಸರಳ. ಆಯಸ್ಕಾಂತದ ಬಲ ಒಂದು ಕಡೆ ತುಸು ಹೆಚ್ಚು, ಇನ್ನೊಂದು ಕಡೆ ತುಸು ಕಡಿಮೆ ಇರಲಿ. ಆಗ ಪ್ರತಿ ಜಾಗದ ದನಿಯ ಶ್ರುತಿ ಬೇರೆಯಾಗುತ್ತದೆ, ಶ್ರುತಿಯೇ ವಿಳಾಸ ಹೇಳುತ್ತದೆ. 1973ರಲ್ಲಿ ಅವರು ಪ್ರಕಟಿಸಿದ್ದು ನೀರು ತುಂಬಿದ ಎರಡು ಸಣ್ಣ ಕೊಳವೆಗಳ ಚಿತ್ರ, ಸುಮ್ನೆ ಎರಡು ಮಸುಕು ಚುಕ್ಕೆ. ನನಗಂತೂ ಅದನ್ನು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಆಯಸ್ಕಾಂತದ ಬಲದಲ್ಲಿ ಈ ಏರುಪೇರು ಮಾಡುವುದು ತಂತಿ ಸುರುಳಿಗಳು. ಅವುಗಳಲ್ಲಿ ವಿದ್ಯುತ್ ಸರಸರನೆ ಬದಲಾಗುತ್ತದೆ, ದೊಡ್ಡ ಆಯಸ್ಕಾಂತ ಅವನ್ನು ಎಳೆದು ತಳ್ಳುತ್ತದೆ, ಸ್ಪೀಕರ್ ಹಾಗೆ ಅವು ಅದುರುತ್ತವೆ. ನಿಮಗೆ ಕೇಳಿಸಿದ ಸುತ್ತಿಗೆ ಅದೇ.

1977ರ ಜುಲೈ 3ರಂದು ಡಮೇಡಿಯನ್ ತಂಡ ಮನುಷ್ಯನ ಎದೆಯ ಚಿತ್ರ ತೆಗೆಯಿತು. ಒಂದೊಂದೇ ಬಿಂದು ಅಳೆದದ್ದರಿಂದ ಹತ್ತಿರ ಹತ್ತಿರ ಐದು ಗಂಟೆ ಹಿಡಿಯಿತು. ಮರುವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಭೌತವಿಜ್ಞಾನಿ ಪೀಟರ್ ಮ್ಯಾನ್ಸ್‌ಫೀಲ್ಡ್ ತಮ್ಮ ಯಂತ್ರದೊಳಗೆ ತಾವೇ ಹೋಗಿ ನಿಂತರು. ಸುರುಳಿಗಳ ಬಲ ಹೀಗೆ ಸರಸರನೆ ಬದಲಿಸಿದರೆ ಹೃದಯಕ್ಕೆ ಅಪಾಯ ಆಗಬಹುದು ಎಂದು ಬೇರೆಯವರು ಎಚ್ಚರಿಸಿದ್ದರೂ ಅವರು ಹಿಂಜರಿಯಲಿಲ್ಲ.

ಉಸಿರಾಟಕ್ಕೆ ಚಿತ್ರ ಕಲಸಿಹೋಗುವುದನ್ನು ಬಹುಮಟ್ಟಿಗೆ ತಪ್ಪಿಸಿದ್ದು ಸ್ಕಾಟ್ಲೆಂಡಿನ ಅಬರ್ಡೀನ್‌ನ ಜಾನ್ ಮಲಾರ್ಡ್ ತಂಡ. ಅವರ ಸ್ಪಿನ್-ವಾರ್ಪ್ ವಿಧಾನದಲ್ಲಿ ಪ್ರತಿ ಸಲ ಸುರುಳಿಯ ಬಲ ಒಂದು ಮೆಟ್ಟಿಲು ಬದಲಾಗುತ್ತದೆ, ಹೀಗೆ ಸಾಲು ಸಾಲಾಗಿ ಮಾಹಿತಿ ಸೇರುತ್ತದೆ. 1980ರ ಆಗಸ್ಟ್ 28ರಂದು ಫ್ರೇಸರ್‌ಬರ್ಗ್‌ನ ರೋಗಿಯೊಬ್ಬರನ್ನು ಅದರಲ್ಲಿ ಮಲಗಿಸಿದರು. ಎದೆಯ ಗೆಡ್ಡೆಯ ಜೊತೆಗೆ ಕ್ಯಾನ್ಸರ್ ಮೂಳೆಗೆ ಹಬ್ಬಿದ್ದೂ ಕಂಡಿತು.

ಇವತ್ತಿಗೂ ಬಹಳಷ್ಟು ಸ್ಕ್ಯಾನ್‌ಗಳು ಹಾಗೇ ಸಾಲು ಸಾಲಾಗಿ ತುಂಬಿಕೊಳ್ಳುತ್ತವೆ. ಸದ್ದಿನ ನಡುವೆ ನೀವು ಕತ್ತು ತಿರುಗಿಸಿದರೆ ಕೆಲವು ಸಾಲು ಮಾತ್ರ ಅಲ್ಲ, ಇಡೀ ಚಿತ್ರವೇ ಕದಡುತ್ತದೆ. ಅದಕ್ಕೇ ಹೇಳುವುದು, ಉಗುಳು ನುಂಗುವುದಿದ್ದರೆ, ಕೆಮ್ಮುವುದಿದ್ದರೆ, ಸದ್ದು ನಿಂತ ಆ ಅರೆಗಳಿಗೆಯಲ್ಲೇ ಮುಗಿಸಿಕೊಳ್ಳಿ.