ಎಲ್ಲ ಸ್ವರ ಬದಲಾದರೂ ಅದೇ ಹಾಡು

ಮೊನ್ನೆ ಸಂಜೆ ಅವರೆಕಾಯಿ ಬಿಡಿಸುತ್ತಾ ಕೂತು ಫೋನಿನಲ್ಲಿ ‘ಬೇಸಮೆ ಮೂಚೊ’ ಹಾಕಿದ್ದೆ. ಕೇಪ್ ವರ್ಡಿ ದ್ವೀಪಗಳ ಸೆಸಾರಿಯಾ ಎವೊರಾ ಹಾಡಿದ್ದು. ದಪ್ಪ ದನಿ, ಎಲ್ಲಿಗೂ ಹೋಗುವ ಅವಸರ ಇಲ್ಲದ ನಡೆ. ಅದು ಮುಗಿದ ಮೇಲೆ ಬೀಟಲ್ಸ್ ಹುಡುಗರು ಹಾಡಿದ ಅದೇ ಹಾಡು ಬಂತು. ಗಿಟಾರು, ಡ್ರಮ್ಮು, ಮಧ್ಯೆ ಮಧ್ಯೆ ‘ಚ ಚ ಬೂಮ್’ ಅಂತ ಕೂಗು. ಪಕ್ಕದಲ್ಲಿ ಅವರೆ ಸಿಪ್ಪೆಗಳನ್ನು ರೈಲು ಮಾಡಿ ಜೋಡಿಸುತ್ತಿದ್ದ ತಂಗಿಯ ಮಗಳು ತಲೆ ಎತ್ತಿದಳು. “ಮಾವ, ಇದು ಆಗ್ಲೇ ಬಂದಿದ್ದ ಹಾಡೇ ಅಲ್ವಾ? ಯಾಕೆ ಇವ್ರು ಓಡ್ತಾ ಇದ್ದಾರೆ?”

ಅವಳಿಗೆ ಏಳು ವರ್ಷ. ಸ್ಪ್ಯಾನಿಷ್ ಒಂದಕ್ಷರ ಗೊತ್ತಿಲ್ಲ. ದನಿ ಬೇರೆ, ವಾದ್ಯ ಬೇರೆ, ವೇಗ ಬೇರೆ. ಆದರೂ ಒಂದೇ ಹಾಡು ಅಂತ ಅವಳಿಗೆ ಹೇಗೆ ಗೊತ್ತಾಯಿತು? ಇದು ಸಣ್ಣ ಪ್ರಶ್ನೆ ಅಲ್ಲ. ಹಾಡು ಕೇಳಿಸಿದರೆ ಅದರ ಹೆಸರು ಹೇಳುವ ಶಾಝಮ್‌ನಂಥ ಆ್ಯಪ್ ಯಾವ ತತ್ವದ ಮೇಲೆ ಶುರುವಾಯಿತೋ ಅದಕ್ಕೆ ಈ ಕೆಲಸ ಆಗುವುದಿಲ್ಲ. ಅದು ರೆಕಾರ್ಡಿಂಗಿನಲ್ಲಿ ಯಾವ ಕ್ಷಣದಲ್ಲಿ ಯಾವ ಕಂಪನ ಜೋರಾಗಿದೆ ಎಂಬ ಚುಕ್ಕಿಗಳನ್ನು ಬೆರಳಚ್ಚಿನ ಹಾಗೆ ಹೋಲಿಸುತ್ತದೆ. ಅಂದರೆ ಅದು ಹಿಡಿಯುವುದು ರೆಕಾರ್ಡಿಂಗನ್ನು. ಮಗು ಹಿಡಿದದ್ದು ಹಾಡನ್ನು.

ಆ ಹಾಡಿನ ಕಥೆಯೇ ಚೆಂದ. ಬರೆದವರು ಮೆಕ್ಸಿಕೋದ ಹಾಲಿಸ್ಕೊ ರಾಜ್ಯದ ಕೊನ್ಸುಯೆಲೊ ವೆಲಾಸ್ಕೆಸ್, 1940ರಲ್ಲಿ. ಪಿಯಾನೊ ಕಲಿತ ಹುಡುಗಿ. ‘ತುಂಬಾ ಮುತ್ತು ಕೊಡು, ಇದೇ ಕೊನೆಯ ರಾತ್ರಿಯೇನೋ ಎಂಬ ಹಾಗೆ’ ಎನ್ನುವ ಈ ಹಾಡು ಬರೆದಾಗ ತನಗೆ ಯಾರೂ ಮುತ್ತು ಕೊಟ್ಟೇ ಇರಲಿಲ್ಲ ಅಂತ ಮುಂದೆ ಆಕೆಯೇ ಹೇಳಿಕೊಂಡರು. ರಾಗದ ಎಳೆ ಸಿಕ್ಕಿದ್ದು ಸ್ಪೇನಿನ ಎನ್ರಿಕೆ ಗ್ರಾನಾದೋಸ್ ಬರೆದ ‘ಗೋಯೆಸ್ಕಾಸ್’ ಎಂಬ ಒಪೆರಾದ, ಅಂದರೆ ಸಂಗೀತ ನಾಟಕದ, ಒಂದು ಭಾಗದಿಂದ. ಸುಂದರಿಯೊಬ್ಬಳು ನೈಟಿಂಗೇಲ್ ಹಕ್ಕಿಯ ಹತ್ತಿರ ದುಃಖ ತೋಡಿಕೊಳ್ಳುವ ಹಾಡು ಅದು. ಗ್ರಾನಾದೋಸ್ ಆ ಒಪೆರಾವನ್ನು 1916ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಆಡಿಸಿದರು. ಅಧ್ಯಕ್ಷ ವಿಲ್ಸನ್ ಎದುರು ಪಿಯಾನೊ ನುಡಿಸಲು ಕರೆ ಬಂತು ಅಂತ ಊರಿಗೆ ಮರಳುವುದನ್ನು ಮುಂದಕ್ಕೆ ಹಾಕಿದರು. ಕೊನೆಗೆ ಹೊರಟಾಗ ಮಹಾಯುದ್ಧದ ಕಾಲ, ಇಂಗ್ಲಿಷ್ ಕಾಲುವೆಯಲ್ಲಿ ಅವರಿದ್ದ ಸಸೆಕ್ಸ್ ಹಡಗಿಗೆ ಜರ್ಮನ್ ಟಾರ್ಪೆಡೊ ಬಡಿಯಿತು. ಗಂಡ ಹೆಂಡತಿ ಇಬ್ಬರೂ ಸಮುದ್ರದ ಪಾಲಾದರು. ಅದು ಮಾರ್ಚ್ ತಿಂಗಳು. ಅದೇ ವರ್ಷ ಆಗಸ್ಟಿನಲ್ಲಿ ವೆಲಾಸ್ಕೆಸ್ ಹುಟ್ಟಿದರು. ಇದನ್ನು ಪುನರ್ಜನ್ಮ ಅಂತ ದಯವಿಟ್ಟು ಯಾರೂ ಫಾರ್ವರ್ಡ್ ಮಾಡಬೇಡಿ. ರಾಗ ದಾಟಿದ್ದು ಅಚ್ಚಾದ ಸ್ವರಲಿಪಿಯ ಮೂಲಕ, ಪಿಯಾನೊ ಪಾಠದ ಮೂಲಕ. ಅದೇ ಸಾಕಷ್ಟು ಅದ್ಭುತ ಅಲ್ವಾ?

1944ರಲ್ಲಿ ಜಿಮ್ಮಿ ಡಾರ್ಸಿಯ ಬ್ಯಾಂಡ್ ಇದರ ಇಂಗ್ಲಿಷ್ ರೂಪವನ್ನು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಒಯ್ದಿತು. 1962ರ ಜೂನ್ 6ರಂದು ಬೀಟಲ್ಸ್ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಹಾಡಿದರು. ಆಗಿನ್ನೂ ಡ್ರಮ್ಮಿನ ಮುಂದೆ ಕೂತಿದ್ದದ್ದು ಪೀಟ್ ಬೆಸ್ಟ್. ಬ್ರೆಜಿಲ್‌ನ ಜೊವಾವ್ ಜಿಲ್ಬರ್ಟೊ 1977ರಲ್ಲಿ ಪಿಸುಗುಟ್ಟಿದ ಹಾಗೆ ಹಾಡಿದರು. ಆಮೇಲೆ ಡಯಾನಾ ಕ್ರಾಲ್, ಅಂದ್ರೆಯಾ ಬೊಚೆಲ್ಲಿ. ಒಬ್ಬೊಬ್ಬರೂ ತಮ್ಮ ಗಂಟಲಿಗೆ ಒಪ್ಪುವ ಶ್ರುತಿ ಹಿಡಿದರು.

ಹಾಗಾದರೆ ಹಾಡು ಎಲ್ಲಿದೆ? 1890ರಲ್ಲಿ ಆಸ್ಟ್ರಿಯಾದ ಕ್ರಿಸ್ಟಿಯಾನ್ ಫಾನ್ ಎಹ್ರೆನ್‌ಫೆಲ್ಸ್ ಎಂಬ ತತ್ವಜ್ಞಾನಿ ಇದೇ ಪ್ರಶ್ನೆ ಹಿಡಿದು ಕೂತರು. ಒಂದು ರಾಗವನ್ನು ಬೇರೆ ಶ್ರುತಿಗೆ ಏರಿಸಿದರೆ ಪ್ರತಿಯೊಂದು ಸ್ವರವೂ ಬದಲಾಗುತ್ತದೆ, ಆದರೂ ಅದೇ ರಾಗ ಕೇಳುತ್ತದೆ, ಆದ್ದರಿಂದ ರಾಗ ಅಂದರೆ ಸ್ವರಗಳ ಮೊತ್ತ ಅಲ್ಲ ಅಂದರು. ಮನಸ್ಸು ಹಿಡಿಯುವುದು ಬಿಡಿ ಭಾಗಗಳನ್ನಲ್ಲ, ಇಡೀ ರೂಪವನ್ನು ಎನ್ನುವ ಗೆಸ್ಟಾಲ್ಟ್ ಮನಶ್ಶಾಸ್ತ್ರ ಮುಂದೆ ಬೆಳೆದದ್ದು ಈ ಬೀಜದಿಂದ.

ನಮ್ಮಲ್ಲಿ ಸಂಗೀತ ಪಾಠಕ್ಕೆ ಹೋದ ಮಗುವಿಗೂ ಇದು ಗೊತ್ತು. ಒಂದು ಮನೆ ಶ್ರುತಿಯಲ್ಲಿ ಹಾಡಿ, ಐದು ಮನೆಯಲ್ಲಿ ಹಾಡಿ, ಮೋಹನ ಮೋಹನವೇ. ಷಡ್ಜ (ಸ) 200 ಹರ್ಟ್ಸ್, ಅಂದರೆ ಸೆಕೆಂಡಿಗೆ 200 ಕಂಪನ, ಇದ್ದರೆ ಪಂಚಮ (ಪ) 300. ಷಡ್ಜ 240 ಇದ್ದರೆ ಪಂಚಮ 360. ಮೊದಲನೆಯದರಲ್ಲಿ ಅಂತರ 100, ಎರಡನೆಯದರಲ್ಲಿ 120. ಕಳೆದು ನೋಡಿದರೆ ಬೇರೆ ಬೇರೆ. ಭಾಗಿಸಿ ನೋಡಿ, ಎರಡೂ ಕಡೆ ಒಂದೂವರೆ. ಕಿವಿ ಲೆಕ್ಕ ಹಾಕುವುದು ಭಾಗಾಕಾರದಲ್ಲಿ.

ಕಿವಿಗೆ ಭಾಗಾಕಾರ ಹೇಳಿಕೊಟ್ಟವರು ಯಾರು ಅಂದರೆ, ಅದರ ಆಕಾರವೇ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯ ಇದೆ. ಅದರೊಳಗಿನ ಪೊರೆಯನ್ನು ಬಿಡಿಸಿ ಉದ್ದಕ್ಕೆ ಇಟ್ಟರೆ ಸುಮಾರು 35 ಮಿಲಿಮೀಟರ್. ಒಂದು ತುದಿ ಕೀರಲು ದನಿಗೆ ಅಲುಗುತ್ತದೆ, ಇನ್ನೊಂದು ತುದಿ ಗಡಸು ದನಿಗೆ. 20ರಿಂದ 20,000 ಹರ್ಟ್ಸ್‌ವರೆಗೆ, ಅಂದರೆ ಹೆಚ್ಚುಕಡಿಮೆ ಹತ್ತು ಸ್ಥಾಯಿಗಳಷ್ಟು (ಕಂಪನ ಎರಡರಷ್ಟಾದರೆ ಒಂದು ಸ್ಥಾಯಿ) ಕಂಪನಗಳು ಅಷ್ಟು ಜಾಗದಲ್ಲಿ ಕೂರಬೇಕು. ಕೂತಿರುವ ರೀತಿ ನೋಡಿ. 500ರಿಂದ 1000ಕ್ಕೆ ಎಷ್ಟು ದೂರವೋ 1000ದಿಂದ 2000ಕ್ಕೂ ಸುಮಾರು ಅಷ್ಟೇ ದೂರ, 2000ದಿಂದ 4000ಕ್ಕೂ ಅಷ್ಟೇ. ತುಂಬ ಕೆಳಗಿನ ಸ್ವರಗಳಲ್ಲಿ ಈ ದೂರ ಸ್ವಲ್ಪ ಕುಗ್ಗುತ್ತದೆ, ಉಳಿದ ಕಡೆ ಲೆಕ್ಕ ಸರಿ ಕೂರುತ್ತದೆ. ಹಾಗಾಗಿ ಹಾಡನ್ನು ಬೇರೆ ಶ್ರುತಿಗೆ ಏರಿಸಿದಾಗ ಪೊರೆಯ ಮೇಲಿನ ಇಡೀ ಚಿತ್ತಾರ ಆಕಾರ ಕೆಡದೆ ಸುಮ್ನೆ ಪಕ್ಕಕ್ಕೆ ಜರುಗುತ್ತದೆ. ತುಳಸಿಕಟ್ಟೆ ಮುಂದೆ ಹಾಕಿದ ರಂಗೋಲಿಯನ್ನೇ ಗೇಟಿನ ಹತ್ತಿರ ಹಾಕಿದ ಹಾಗೆ. ಚುಕ್ಕಿ ಬಿದ್ದ ನೆಲ ಬೇರೆ, ಎಳೆ ಅದೇ. ಅಥವಾ ಮನೆಮಂದಿಯೆಲ್ಲ ಜಗಲಿ ಮೇಲೆ ನಿಂತು ಒಂದು ಫೋಟೋ, ಅಂಗಳಕ್ಕೆ ಇಳಿದು ಇನ್ನೊಂದು ಫೋಟೋ ತೆಗೆಸಿಕೊಂಡ ಹಾಗೆ. ಎಲ್ಲರೂ ಎರಡಡಿ ಕೆಳಗೆ ಬಂದರು, ಆದರೆ ಅಣ್ಣ ಅಪ್ಪನಿಗಿಂತ ಒಂದು ಗೇಣು ಎತ್ತರ ಇರುವುದು ಬದಲಾಗಲಿಲ್ಲ. ಮಿದುಳು ನೆನಪಿಡುವುದು ಈ ಗೇಣನ್ನು.

ಕಾಲದ ವಿಷಯದಲ್ಲೂ ಹೀಗೇ. ಉದ್ದ, ಗಿಡ್ಡ, ಗಿಡ್ಡ ಎಂಬ ಪ್ರಮಾಣ ಉಳಿದರೆ ಸಾಕು, ಓಡಿದರೂ ಕುಂಟಿದರೂ ಹಾಡು ಸಿಗುತ್ತದೆ.

ಎಲ್ಲ ಪ್ರಾಣಿಗೂ ಇದು ಸಲೀಸಲ್ಲ. 1980ರ ದಶಕದಲ್ಲಿ ಸ್ಟಾರ್ಲಿಂಗ್ ಹಕ್ಕಿಗಳಿಗೆ ಸ್ವರಗಳ ಸಾಲು ಕಲಿಸಿ, ಅದನ್ನೇ ಹೊಸ ಶ್ರುತಿಗೆ ಏರಿಸಿ ಕೇಳಿಸಿದರು. ಹಕ್ಕಿಗಳು ತಡಬಡಾಯಿಸಿದವು. ಅಷ್ಟು ಚೆನ್ನಾಗಿ ಹಾಡುವ, ಅನುಕರಿಸುವ ಹಕ್ಕಿ! ಆದರೆ ಮನುಷ್ಯರ ಆರು ತಿಂಗಳ ಕೂಸುಗಳಿಗೆ ಒಂದು ವಾರ ಒಂದು ರಾಗ ಕೇಳಿಸಿ ಆಮೇಲೆ ಬೇರೆ ಶ್ರುತಿಯಲ್ಲಿ ಕೇಳಿಸಿದರೆ ಅವು ಗುರುತು ಹಿಡಿಯುತ್ತವೆ. ಇದು 2005ರಲ್ಲಿ ಪ್ರಕಟವಾದ ಅಧ್ಯಯನ. ಹಲ್ಲು ಬರುವ ಮೊದಲೇ ನಾವು ಗೇಣು ಅಳೆಯುತ್ತೇವೆ.

ಇದೆಲ್ಲ ಯಾಕೆ ಬರೆಯಬೇಕಾಯಿತು ಅಂದರೆ, ನಮ್ಮ ಕುಟುಂಬದ ಗುಂಪಿಗೆ ‘432 ಹರ್ಟ್ಸ್ ಸಂಗೀತ ಕೇಳಿ, ಬಿಪಿ ಮಾತ್ರೆ ಬಿಡಿ’ ಎಂಬ ವಿಡಿಯೋ ಬಂದಿದೆ. ದೊಡ್ಡಮ್ಮ ಅದನ್ನು ದಿನಾ ರಾತ್ರಿ ಹಾಕಿಕೊಳ್ಳುತ್ತಿದ್ದಾರೆ. ಕೇಳಲಿ, ಅದರಲ್ಲಿ ತಪ್ಪಿಲ್ಲ, ನಿದ್ದೆಗೆ ಮೆಲ್ಲಗಿನ ಸಂಗೀತ ಒಳ್ಳೆಯದೇ. ನನಗೆ ಭಯ ಇರುವುದು ಮಾತ್ರೆಯ ವಿಷಯದಲ್ಲಿ. ವಾದ್ಯಗಳನ್ನು ಶ್ರುತಿ ಮಾಡುವಾಗ ಆಧಾರವಾಗಿ ಹಿಡಿಯುವ ಒಂದು ಸ್ವರ ಸೆಕೆಂಡಿಗೆ ಎಷ್ಟು ಸಲ ಕಂಪಿಸಬೇಕು ಎಂಬುದು ಇಲ್ಲಿನ ಜಗಳ. ಆ ವಿಡಿಯೋ ಪ್ರಕಾರ 432 ಪ್ರಕೃತಿಯ ಸಂಖ್ಯೆ, 440 ಹರ್ಟ್ಸ್ ನಾಜಿಗಳು ತಂದ ವಿಷ.

440 ಅನ್ನು 1834ರಲ್ಲೇ ಸೂಚಿಸಿದವರು ಯೋಹಾನ್ ಶೈಬ್ಲರ್ ಎಂಬ ಜರ್ಮನಿಯ ರೇಷ್ಮೆ ಉದ್ಯಮಿ. ಹತ್ತಾರು ಶ್ರುತಿಕವೆಗಳನ್ನು ಸಾಲಾಗಿ ಇಟ್ಟುಕೊಂಡು ಕಂಪನ ಎಣಿಸಿದ ಹುಚ್ಚು ಶ್ರದ್ಧೆಯ ಮನುಷ್ಯ. ಹಿಟ್ಲರ್ ಹುಟ್ಟಿದ್ದು ಅದಾಗಿ 55 ವರ್ಷಕ್ಕೆ. 1859ರಲ್ಲಿ ಫ್ರಾನ್ಸ್ ಕಾನೂನು ಮಾಡಿ 435 ಅಂದಿತು. 1939ರಲ್ಲಿ ಲಂಡನ್ನಿನಲ್ಲಿ ಹಲವು ದೇಶದವರು ಕೂತು 440 ಅಂತ ಒಪ್ಪಿದರು. ಊರೂರಿಗೆ ಬೇರೆ ಬೇರೆ ಸೇರು ಇದ್ದದ್ದನ್ನು ಒಂದು ಅಳತೆಗೆ ತಂದ ಹಾಗೆ, ಅಷ್ಟೇ.

440ಕ್ಕೂ 432ಕ್ಕೂ ವ್ಯತ್ಯಾಸ ಎಷ್ಟು? ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಪಕ್ಕದ ಕಪ್ಪು ಮನೆಗೆ ಇರುವ ದೂರದ ಸುಮಾರು ಮೂರನೇ ಒಂದು ಭಾಗ. ನಮ್ಮ ಗಾಯಕರು ಗಂಟಲು ಕಟ್ಟಿದ ದಿನ ಶ್ರುತಿಯನ್ನು ಅರ್ಧ ಮನೆ ಇಳಿಸಿಕೊಂಡು ಕಛೇರಿ ಮಾಡುತ್ತಾರೆ. ಯಾರ ಬಿಪಿಯೂ ಏರುವುದಿಲ್ಲ. ಹೋಗಲಿ, ಹರ್ಟ್ಸ್ ಅಂದರೆ ಏನು? ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸಿತು ಎಂಬ ಎಣಿಕೆ. ಸೆಕೆಂಡು ಎಲ್ಲಿಂದ ಬಂತು? ದಿನವನ್ನು 24 ಮಾಡಿ, ಅದನ್ನು 60 ಮಾಡಿ, ಮತ್ತೆ 60 ಮಾಡಿ ಮನುಷ್ಯರು ಹಂಚಿಕೊಂಡದ್ದು. ನಮ್ಮ ಹಳಬರ ಹಾಗೆ ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ ಅಂತ ಎಣಿಸಿದರೆ ಒಂದು ವಿಘಳಿಗೆ 24 ಸೆಕೆಂಡು. ಆಗ 432ರ ಅದೇ ದನಿ 10,368 ಆಗುತ್ತದೆ. ಪ್ರಕೃತಿಯ ಪವಿತ್ರ ಸಂಖ್ಯೆ ಗಡಿಯಾರ ಬದಲಾಯಿಸಿದ ಕೂಡಲೇ ಬದಲಾಗುತ್ತದೆಯೇ?

ದೊಡ್ಡಮ್ಮನಿಗೆ ಇದನ್ನೆಲ್ಲ ಬಾಯಲ್ಲಿ ಹೇಳಿ ಪ್ರಯೋಜನ ಆಗಲಿಲ್ಲ. ಭಾನುವಾರ ಕೀಬೋರ್ಡ್ ತೆಗೆದುಕೊಂಡು ಹೋದೆ. ಅದರಲ್ಲಿ ಶ್ರುತಿಯನ್ನು ಕೂದಲೆಳೆಯಷ್ಟು ಏರಿಳಿಸುವ ಸೌಲಭ್ಯ ಇದೆ. ಅವರಿಗಿಷ್ಟವಾದ ದೇವರನಾಮವನ್ನೇ 440ರಲ್ಲಿ ನುಡಿಸಿದೆ. ತಂಗಿಯ ಮಗಳನ್ನು ಮಾತಿಗೆ ಬಿಟ್ಟು ಐದು ನಿಮಿಷ ಕಳೆದು 432ರಲ್ಲಿ ನುಡಿಸಿದೆ, ಆಮೇಲೆ ಮತ್ತೆ 440. ಇದರಲ್ಲಿ ವಿಡಿಯೋದ್ದು ಯಾವುದು ಅಂತ ಕೇಳಿದೆ. ದೊಡ್ಡಮ್ಮ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. “ಮೂರೂ ಒಂದೇ ಅಲ್ವೇನೋ,” ಅಂದರು. ಆಮೇಲೆ ಎದ್ದು ಹೋಗಿ ಮಾತ್ರೆಯ ಡಬ್ಬಿ ತಂದು, ಕನ್ನಡಕ ಹಾಕಿಕೊಂಡು, ಎಷ್ಟು ದಿನದ್ದು ಉಳಿದಿದೆ ಅಂತ ಎಣಿಸತೊಡಗಿದರು.